ಮಾಸ್ತಿಯವರು ಮತ್ತು ಅವರ ಮೊಸರಿನ ಮಂಗಮ್ಮ



ಜೂನ್ 6 ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ ದಿನ. 1986ರಲ್ಲಿ ಅವರು 95 ವರ್ಷ ತುಂಬಿ ತೀರಿಕೊಂಡದ್ದೂ ಅದೇ ದಿನ. ಈ ನಿಮಿತ್ತ ಅವರ ಜೀವನವನ್ನು ನಾವೆಲ್ಲ ಸ್ವಲ್ಪ ನೆನೆಯೋಣ.

ಮಾಸ್ತಿಯವರು 1891ರಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದರು. ಮನೆಮಾತು ತಮಿಳು. ಬಡತನದಲ್ಲಿ ಓದಿ, 1914ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಕಚೇರಿಯ ಕೆಲಸದ ನಡುವೆಯೇ ಶ್ರೀನಿವಾಸ ಎಂಬ ಹೆಸರಿನಲ್ಲಿ ಕನ್ನಡ ಕಥೆ ಬರೆದರು. 1920ರಲ್ಲಿ ಮೊದಲ ಕಥಾಸಂಕಲನ ಬಂತು. 1929ರಲ್ಲಿ ಗಡಿಯ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹಿರಿತನಕ್ಕೆ ತಕ್ಕ ಸ್ಥಾನ ಸಿಗದಿದ್ದಾಗ 1943ರಲ್ಲಿ ಕೆಲಸ ಬಿಟ್ಟರು. ಮುಂದೆ ಎರಡು ದಶಕ ಜೀವನ ಪತ್ರಿಕೆ ನಡೆಸಿದರು. ಸಣ್ಣಕಥೆಗಳಿಗೆ 1968ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಚಿಕವೀರ ರಾಜೇಂದ್ರ ಕಾದಂಬರಿಗೆ 1983ರ ಜ್ಞಾನಪೀಠ ಬಂದವು.

ಅವರ ಮೊಸರಿನ ಮಂಗಮ್ಮ ನಮ್ಮ ಓಣಿಯ ಹೆಂಗಸಿನಂತೆಯೇ ಇದ್ದಾಳೆ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತರುವ ಮುದುಕಿ. ಸೊಸೆ ಮೊಮ್ಮಗನನ್ನು ಹೊಡೆದಳೆಂದು ಜಗಳ ತೆಗೆದು ಬೇರೆ ಒಲೆ ಹೂಡುತ್ತಾಳೆ. ಹಟಕ್ಕೆ ಬಿದ್ದು ಮಖಮಲ್ಲಿನ ಜಾಕೀಟು ಹೊಲಿಸುತ್ತಾಳೆ. ಕೈಯಲ್ಲಿ ದುಡ್ಡಿದೆ ಎಂದು ತಿಳಿದ ರಂಗಪ್ಪ ದಾರಿಯಲ್ಲಿ ಸಲಿಗೆಯ ಮಾತಾಡಿದಾಗ ಅವಳ ಮನಸ್ಸೂ ಒಂದಿಷ್ಟು ಅಲ್ಲಾಡುತ್ತದೆ. ಕೊನೆಗೆ ಮೊಮ್ಮಗನೇ ಅಜ್ಜಿಯ ಬಳಿ ಬಂದು ನಿಂತು ಮನೆಯನ್ನು ಒಂದು ಮಾಡುತ್ತಾನೆ.

ಇವಳ ಪಕ್ಕಕ್ಕೆ ಸಾರಿಪುತ್ರನ ಕಡೆಯ ದಿನಗಳು ಕಥೆಯ ತಾಯಿಯನ್ನು ಇಡಬಹುದು. ಮಂಗಮ್ಮನಿಗೆ ಮಗನನ್ನು ಸೊಸೆ ಕಿತ್ತುಕೊಂಡಳೆಂಬ ಸಿಟ್ಟು. ಸಾರಿಪುತ್ರನ ತಾಯಿಗೆ ಮಗನನ್ನು ಬುದ್ಧನ ಸಂಘ ಒಯ್ದಿತೆಂಬ ಸಂಕಟ. ಒಬ್ಬಳು ಮೊಮ್ಮಗನ ಮುಂದೆ ಕರಗುತ್ತಾಳೆ, ಇನ್ನೊಬ್ಬಳು ಸಾಯಲು ಮನೆಗೆ ಬಂದ ಮಗನ ಮುಂದೆ. ಮಾಸ್ತಿಯವರು ಈ ಮುದುಕಿಯರನ್ನು ಹಳಿಯುವುದಿಲ್ಲ, ದೇವತೆಯರನ್ನಾಗಿಯೂ ಮಾಡುವುದಿಲ್ಲ. ತಪ್ಪು ಮಾಡುವ, ಹಟ ಹಿಡಿಯುವ, ವಯಸ್ಸಾದ ಮೇಲೂ ಬದಲಾಗಬಲ್ಲ ಮನುಷ್ಯರನ್ನಾಗಿ ತೋರಿಸುತ್ತಾರೆ.

1956ರವರೆಗೆ ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿದ್ದವು. ಈಗ ನಮ್ಮ ಮನೆಗಳಲ್ಲಿ ಅಜ್ಜಿಗೆ ಕನ್ನಡ ಮಾತು ಗೊತ್ತು, ಓದು ಬಾರದು. ಮೊಮ್ಮಕ್ಕಳಿಗೆ ಓದು ಬರುತ್ತದೆ, ಅದು ಮರಾಠಿಯದು. ಇಬ್ಬರ ನಡುವೆ ಇರುವವರು ನಾವು. ಮಂಗಮ್ಮನ ಕಥೆ ಬಿಹಾರದ ಹತ್ತನೆಯ ತರಗತಿಯ ಹಿಂದಿ ಪಠ್ಯಕ್ಕೂ ಹೋಗಿದೆ. ಅಲ್ಲಿನ ಮಕ್ಕಳು ಓದಿದ್ದನ್ನು ನಮ್ಮ ಮಕ್ಕಳು ಕೇಳದೆ ಉಳಿಯಬಾರದು.

ತಮಿಳು ಮನೆಮಾತಿನವರು ಕನ್ನಡಕ್ಕೆ ಇಷ್ಟು ಕೊಟ್ಟಿದ್ದಾರೆ. ಕನ್ನಡ ಮನೆಮಾತಿನ ನಾವು ಒಂದು ಸಂಜೆಯನ್ನಾದರೂ ಕೊಡೋಣ. ಈ ಜೂನ್ 6ರಂದು ಪ್ರತಿಯೊಬ್ಬ ಸದಸ್ಯರೂ ಮನೆಯ ಹಿರಿಯ ಹೆಣ್ಣುಮಕ್ಕಳ ಮುಂದೆ, ಮೊಮ್ಮಕ್ಕಳನ್ನೂ ಕೂಡಿಸಿಕೊಂಡು, ಮೊಸರಿನ ಮಂಗಮ್ಮವನ್ನು ಗಟ್ಟಿಯಾಗಿ ಓದಬೇಕೆಂದು ವಿನಂತಿ. ತಪ್ಪು ಯಾರದು, ಅತ್ತೆಯದೋ ಸೊಸೆಯದೋ ಎಂದು ಅಜ್ಜಿಯನ್ನೇ ಕೇಳಿರಿ. ಅವರು ಹೇಳಿದ್ದನ್ನು ಮುಂದಿನ ಸಭೆಗೆ ಬರೆದು ತನ್ನಿರಿ.

ಕಾರ್ಯದರ್ಶಿ