ಅನುದಾನವನ್ನೇ ನಂಬಿ ಕೂರದ ಶಿಕ್ಷಣ ಸೇವಕ: ಕರ್ಮವೀರ ಭಾವೂರಾವ್ ಪಾಟೀಲ

ಭಾವೂರಾವ್ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಬಾಹುಬಲಿ ಕ್ಷೇತ್ರದ ಸಮೀಪದ ಕುಂಭೋಜದಲ್ಲಿ ಜನಿಸಿದರು. ಪೂರ್ವಿಕರು ನಮ್ಮ ಮೂಡುಬಿದಿರೆಯ ಕಡೆಯಿಂದ ವಲಸೆ ಹೋದ ಜೈನರು.

ಕೊಲ್ಹಾಪುರದಲ್ಲಿ ಓದುವಾಗ ಅವರು ಜೈನ ಬೋರ್ಡಿಂಗ್‌ನಲ್ಲಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದವರು ಸ್ನಾನ ಮಾಡಲು ಒಪ್ಪದ ಕಾರಣ ಅಲ್ಲಿಂದ ಹೊರಬೀಳಬೇಕಾಯಿತು. ಆ ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದವರು ಅಣ್ಣಾಸಾಹೇಬ ಲಠ್ಠೆ. ಮುಂದೆ ಅದೇ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳುವಂತೆ ಒತ್ತಡ ಬಂದಾಗ ಭಾವೂರಾವ್ ಒಪ್ಪಲಿಲ್ಲ, ಸೆರೆವಾಸವನ್ನೇ ಅನುಭವಿಸಿದರು.

ಆಗ ಮುಂಬಯಿ ಪ್ರಾಂತ್ಯದ ಎಷ್ಟೋ ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲ. 1919ರ ಸುಧಾರಣೆಗಳ ನಂತರ ಶಿಕ್ಷಣ ಖಾತೆ ಭಾರತೀಯ ಮಂತ್ರಿಗಳಿಗೆ ಸಿಕ್ಕಿತು. ಖಜಾನೆಯ ಬೀಗದ ಕೈ ಮಾತ್ರ ಗವರ್ನರರ ಕಡೆಯೇ ಉಳಿಯಿತು. 1923ರ ಕಾಯ್ದೆ ಪ್ರಾಥಮಿಕ ಶಾಲೆಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಹೊಣೆ ಬಂದಷ್ಟು ಸುಲಭವಾಗಿ ಹಣ ಬರಲಿಲ್ಲ.

ಕಿರ್ಲೋಸ್ಕರ್ ನೇಗಿಲುಗಳ ಮಾರಾಟಕ್ಕಾಗಿ ಊರೂರು ಸುತ್ತಿದ್ದ ಭಾವೂರಾವ್ ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. 1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಆರಂಭಿಸಿದರು. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವಸತಿಗೃಹ ತೆರೆದರು. ಮಕ್ಕಳು ಹೊಲದಲ್ಲಿ ದುಡಿಯುತ್ತಿದ್ದರು, ಅಡುಗೆಯನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಆದರೂ ದವಸ ಸಾಲದ ದಿನಗಳು ಬಂದವು. ಸಿರಿವಂತರ ಮನೆಯಿಂದ ಬಂದಿದ್ದ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಒಂದೊಂದಾಗಿ ಕೊಟ್ಟರು, ಕೊನೆಗೆ ಮಾಂಗಲ್ಯವನ್ನೂ ಕೊಟ್ಟರು. ಸಂಸ್ಥೆ ಬೆಳೆದದ್ದನ್ನು ನೋಡಲು ಆ ತಾಯಿ ಉಳಿಯಲಿಲ್ಲ, 1930ರಲ್ಲಿ ತೀರಿಕೊಂಡರು.

1937ರಲ್ಲಿ ಬಿ.ಜಿ. ಖೇರ್ ಮಂತ್ರಿಮಂಡಲ ಬಂದಿತು. ಅದರ ಹಣಕಾಸು ಮಂತ್ರಿ ಬೇರಾರೂ ಅಲ್ಲ, ಲಠ್ಠೆಯವರೇ. ಶಾಲೆಯಿಲ್ಲದ ಹಳ್ಳಿಗಳಲ್ಲಿ ಸ್ವಯಂಸೇವಾ ಶಾಲೆ ನಡೆಸುವವರಿಗೆ ಸರ್ಕಾರ ನೆರವು ಕೊಡತೊಡಗಿತು. ಭಾವೂರಾವ್ ಆ ನೆರವನ್ನು ಬಳಸಿಕೊಂಡು ಗುಡ್ಡಗಾಡಿನ ಹಳ್ಳಿಗಳವರೆಗೂ ನೂರಾರು ಶಾಲೆಗಳನ್ನು ಕೊಂಡೊಯ್ದರು. ಅವರೇ 1935ರಲ್ಲಿ ತೆರೆದಿದ್ದ ಶಿಕ್ಷಕರ ತರಬೇತಿ ಕಾಲೇಜು ಇದಕ್ಕೆ ಒದಗಿಬಂತು.

ಆದರೆ ಕೊಡುವ ಕೈ ಹಿಂದೆಗೆಯಲೂ ಬಲ್ಲದು. ಗಾಂಧೀಜಿಯವರ ಹತ್ಯೆಯ ನಂತರ ಭಾವೂರಾವ್ ಆಡಿದ ಟೀಕೆಯ ಮಾತಿನಿಂದಾಗಿ, ಸ್ವತಂತ್ರ ಭಾರತದಲ್ಲಿ, ಖೇರ್ ಸರ್ಕಾರವೇ ಸಂಸ್ಥೆಯ ಅನುದಾನ ನಿಲ್ಲಿಸಿತು. ರೈತರು, ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗಳನ್ನು ಉಳಿಸಿಕೊಂಡರು. ಗಾಡಗೆ ಮಹಾರಾಜರು ಮಧ್ಯೆ ಬಂದು ಹೇಳಿದ ಮೇಲೆ ಅನುದಾನ ಮರಳಿತು.

1959ರಲ್ಲಿ ಪದ್ಮಭೂಷಣ ಗೌರವ ಬಂತು. ಅದೇ ವರ್ಷ ಮೇ 9ರಂದು ಭಾವೂರಾವ್ ನಿಧನರಾದರು. ಆಲದ ಮರದ ಲಾಂಛನದ ರಯತ ಶಿಕ್ಷಣ ಸಂಸ್ಥೆ ಇಂದಿಗೂ ಸಾತಾರಾದಿಂದಲೇ ನಡೆಯುತ್ತಿದೆ.