ದೂರದ ಲೆಕ್ಕ ಹಾಕಿದ ವ್ಯಾಪಾರಿ: ಜಮ್‌ಶೆಟ್‌ಜಿ ಟಾಟಾ

ಹೋದ ಸೆಮಿಸ್ಟರಿನ ಪ್ಲೇಸ್‌ಮೆಂಟ್‌ನಲ್ಲಿ ನಮ್ಮ ಬ್ರಾಂಚಿನ ಗೆಳೆಯನೊಬ್ಬನಿಗೆ ಕೆಲಸ ಸಿಕ್ತು. ಹೊರದೇಶಗಳಿಗೆ ಸರಕು ಕಳಿಸೋ ಕಂಪನಿ, ಹುದ್ದೆಯ ಹೆಸರು ಬಿಸಿನೆಸ್ ಡೆವಲಪ್‌ಮೆಂಟ್. ಇಡೀ ಹಾಸ್ಟೆಲ್ ಅವನ ಕಾಲೆಳೆದಿದ್ದೇ ಎಳೆದಿದ್ದು. ನಾಲ್ಕು ವರ್ಷ ಮಷಿನ್ ಡಿಸೈನ್ ಓದಿ ಕೊನೆಗೆ ಮಾರೋ ಕೆಲಸಕ್ಕೆ ಹೊರಟ ಅಂತ. ಅವನೂ ಎಲ್ಲರ ಜೊತೆ ನಕ್ಕ, ಆದರೆ ಮುಖ ಸಪ್ಪಗಿತ್ತು.

ಅದಾದ ವಾರಕ್ಕೇ ನಾನು ಬೆಂಗಳೂರಿನಲ್ಲಿ ಬನಶಂಕರಿ ಕಡೆ ಹೋಗೋ ಸಿಟಿ ಬಸ್ಸಿನಲ್ಲಿದ್ದೆ. ಟಾಟಾ ಸಿಲ್ಕ್ ಫಾರ್ಮ್ ಅಂತ ಕಂಡಕ್ಟರ್ ಕೂಗಿದರು. ಕಿಟಕಿಯಿಂದ ನೋಡಿದರೆ ಅಂಗಡಿ, ಅಪಾರ್ಟ್‌ಮೆಂಟ್, ಟ್ರಾಫಿಕ್ಕು. ಹಿಪ್ಪುನೇರಳೆ ಗಿಡ ಒಂದೂ ಇಲ್ಲ. ಉಕ್ಕು, ಲಾರಿ, ಉಪ್ಪು ಅಂದರೆ ಟಾಟಾ ನೆನಪಾಗೋದು ಸರಿ, ಈ ರೇಷ್ಮೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಬ್ಬ ವ್ಯಾಪಾರಿಯ ಕಥೆ. ಜೀವನಪೂರ್ತಿ ಅವರು ಮಾಡಿದ್ದು ಒಂದು ರೀತಿ ನಮ್ಮ ಗೆಳೆಯನ ಕೆಲಸವೇ. ಯಾವ ಸರಕು ಎಲ್ಲಿ ಸಿಗುತ್ತೆ, ಎಲ್ಲಿಗೆ ಹೋಗಬೇಕು, ನಡುವಿನ ದಾರಿಗೆ ಬಾಡಿಗೆ ಎಷ್ಟು, ಆ ಬಾಡಿಗೆ ನಿಗದಿ ಮಾಡೋರು ಯಾರು. ಇಷ್ಟೇ ಲೆಕ್ಕ.

ಮುಳುಗಿದ ಹತ್ತಿ

ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿ ಪೌರೋಹಿತ್ಯ ಬಿಟ್ಟು ಬೊಂಬಾಯಿಗೆ ಬಂದು ವ್ಯಾಪಾರ ಶುರು ಮಾಡಿದ್ದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಹೊರಬಂದ. ಮಾರನೇ ವರ್ಷವೇ ಹಾಂಗ್‌ಕಾಂಗ್‌ಗೆ ಪಯಣ. ಇಪ್ಪತ್ತು ವರ್ಷದ ಹುಡುಗ, ಅಪ್ಪನ ಕಂಪನಿಯ ಶಾಖೆ ಕಟ್ಟೋ ಕೆಲಸ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆಗ ಬೊಂಬಾಯಿಯಿಂದ ಚೀನಾಕ್ಕೆ ಹೋಗುತ್ತಿದ್ದ ಮುಖ್ಯ ಸರಕು ಎರಡು, ಹತ್ತಿ ಮತ್ತು ಅಫೀಮು. ಟಾಟಾ ಮನೆತನವೂ ಎರಡನ್ನೂ ಮಾರಿತು. ವಾಪಸ್ ಬರುವಾಗ ಹಡಗಿನಲ್ಲಿ ರೇಷ್ಮೆ, ಚಹಾ, ಕರ್ಪೂರ. ಬ್ರಿಟಿಷ್ ಕಾನೂನಿನ ಪ್ರಕಾರ ಅದು ಸಕ್ರಮ ವ್ಯಾಪಾರ, ಚೀನಾದ ಮನೆಗಳಿಗೆ ಅದು ವಿಷ. ದೊಡ್ಡವರ ಕಥೆ ಹೇಳುವಾಗ ಈ ಪುಟ ಹಾರಿಸಿಬಿಡೋದು ನಮಗೆಲ್ಲ ರೂಢಿ. ಆದರೆ ಮುಂದಿನ ಕಥೆಗೆ ಬೆಲೆ ಬರೋದೇ ಈ ಪುಟವನ್ನೂ ಓದಿದಾಗ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬರೋದು ನಿಂತುಹೋಯಿತು. ಎಲ್ಲರೂ ಬೊಂಬಾಯಿ ಕಡೆ ತಿರುಗಿದರು. ಬೆಲೆ ಎಷ್ಟು ಏರಿತೆಂದರೆ ಜನ ಹಾಸಿಗೆ ಬಿಚ್ಚಿ ಒಳಗಿನ ಹತ್ತಿಯನ್ನೂ ಮಾರಿದರಂತೆ. ಆ ಭರದಲ್ಲಿ ಕಂಪನಿಯ ಲಂಡನ್ ವ್ಯವಹಾರ ನೋಡಿಕೊಳ್ಳಲು ಜಮ್‌ಶೆಟ್‌ಜಿಯನ್ನು ಇಂಗ್ಲೆಂಡಿಗೆ ಕಳಿಸಿದರು. ಕೈಯಲ್ಲಿ ಹತ್ತಿಯ ಮೇಲೆ ಬರೆದ ಹುಂಡಿಗಳು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿ ಬೆಲೆ ಕಲ್ಲಿನಂತೆ ಬಿತ್ತು, ಹುಂಡಿಗಳು ರದ್ದಿ ಕಾಗದ ಆದವು.

ಇಪ್ಪತ್ತಾರರ ಹರೆಯ, ಪರದೇಶ, ತಲೆ ಮೇಲೆ ಸಾಲ. ಜಮ್‌ಶೆಟ್‌ಜಿ ತಲೆ ತಪ್ಪಿಸಿಕೊಳ್ಳಲಿಲ್ಲ. ಸಾಲ ಕೊಟ್ಟವರ ಮುಂದೆ ಹೋಗಿ ಲೆಕ್ಕದ ಪುಸ್ತಕ ಬಿಚ್ಚಿಟ್ಟರು. ಆ ನೇರತನ ನೋಡಿ ಅವರು ಬಾಕಿ ತೀರಿಸೋ ಜವಾಬ್ದಾರಿಯನ್ನು ಇವರಿಗೇ ವಹಿಸಿ, ಸಂಬಳವನ್ನೂ ಗೊತ್ತು ಮಾಡಿದರು. ಇತ್ತ ಬೊಂಬಾಯಿಯಲ್ಲಿ ತಂದೆ ಮನೆ ಮಾರಬೇಕಾಯಿತು. ಮುಂದೆ ಬ್ರಿಟಿಷ್ ಸೇನೆ ಅಬಿಸೀನಿಯಾಕ್ಕೆ ದಂಡೆತ್ತಿ ಹೋದಾಗ ಸಾಮಗ್ರಿ ಒದಗಿಸೋ ಗುತ್ತಿಗೆಯಲ್ಲಿ ಪಾಲು ಸಿಕ್ಕಿ ಮನೆತನ ಚೇತರಿಸಿಕೊಂಡಿತು. ಅಮೆರಿಕದ ಒಂದು ಯುದ್ಧದ ಕೊನೆಯಲ್ಲಿ ಮುಳುಗಿದವರು, ಆಫ್ರಿಕಾದ ಇನ್ನೊಂದು ಯುದ್ಧದಲ್ಲಿ ತೇಲಿದರು. ದೂರದ ಊರಿನ ಬೆಲೆಗೆ ಜುಟ್ಟು ಕೊಟ್ಟು ಕೂತವನ ಪಾಡು ಏನು ಅಂತ ಮಗನಿಗೆ ಚೆನ್ನಾಗಿ ಅರ್ಥವಾಗಿತ್ತು.

ನಾಗಪುರ ಯಾಕೆ?

1868ರಲ್ಲಿ ಅವರು 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದರು. ಮಾರನೇ ವರ್ಷ ಚಿಂಚ್‌ಪೋಕಳಿಯಲ್ಲಿ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿ ಕೊಂಡು ಬಟ್ಟೆ ಗಿರಣಿ ಮಾಡಿದರು, ಎರಡು ವರ್ಷದಲ್ಲಿ ಲಾಭಕ್ಕೆ ಮಾರಿದರು. ಆಮೇಲೆ ಲ್ಯಾಂಕಶೈರ್‌ಗೆ ಹೋಗಿ ನೂಲು ತೆಗೆಯೋ ವಿದ್ಯೆಯನ್ನು ಹತ್ತಿರದಿಂದ ನೋಡಿ ಬಂದರು.

ಈಗ ದೊಡ್ಡ ಗಿರಣಿ ಕಟ್ಟಬೇಕು. ಎಲ್ಲರೂ ಬೊಂಬಾಯಿಯಲ್ಲೇ ಕಟ್ಟುತ್ತಿದ್ದ ಕಾಲ. ಬಂದರು ಅಲ್ಲಿ, ಬ್ಯಾಂಕು ಅಲ್ಲಿ, ದಲ್ಲಾಳಿಗಳು ಅಲ್ಲಿ. ಜಮ್‌ಶೆಟ್‌ಜಿ ಆರಿಸಿದ್ದು ನಾಗಪುರ. ಸುತ್ತಮುತ್ತ ಹತ್ತಿ ಬೆಳೆಯೋ ಕಪ್ಪು ಮಣ್ಣು, ವರೋರಾದಲ್ಲಿ ಕಲ್ಲಿದ್ದಲು, ಊರಿಗೇ ರೈಲು. ಬೊಂಬಾಯಿಗೆ ಅರಳೆ ಹೊತ್ತು, ಅಲ್ಲಿ ನೂತು, ಮತ್ತೆ ಬಟ್ಟೆಯನ್ನು ಒಳನಾಡಿಗೆ ಹೊತ್ತು ತರೋ ಎರಡು ಕಡೆಯ ಬಾಡಿಗೆ ಉಳಿಯುತ್ತೆ. ಗಿರಣಿಗೆ ಸಿಕ್ಕ ಜಾಗ ಜೌಗು ನೆಲ, ಮಣ್ಣು ಸುರಿದು ಮಟ್ಟ ಮಾಡಬೇಕಿತ್ತು. ಅದನ್ನು ನೋಡಿ ಅಲ್ಲಿನ ಒಬ್ಬ ಸಾಹುಕಾರ, ಹೊನ್ನನ್ನು ಹೊಂಡಕ್ಕೆ ಸುರಿಯೋ ಕೆಲಸ ಅಂತ ದುಡ್ಡು ಹಾಕದೆ ಹಿಂದೆ ಸರಿದ ಕಥೆ ಇವತ್ತಿಗೂ ಹೇಳುತ್ತಾರೆ.

1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಕಂಪನಿ ಆಯಿತು. 1877ರ ಜನವರಿ 1ರಂದು ಗಿರಣಿ ತೆರೆಯಿತು. ಅದೇ ದಿನ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ್ದರಿಂದ ಹೆಸರು ಎಂಪ್ರೆಸ್ ಮಿಲ್ಸ್. ಮ್ಯಾನೇಜರ್ ಆಗಿ ಬಂದವರು ಬೆಜೋನ್‌ಜಿ ದಾದಾಭಾಯಿ ಮೆಹ್ತಾ. ಬಟ್ಟೆಯ ಗಂಧಗಾಳಿ ಇರಲಿಲ್ಲ, ರೈಲ್ವೆ ಗೂಡ್ಸ್ ವಿಭಾಗದಲ್ಲಿ ಇದ್ದವರು. ಯೋಚಿಸಿ ನೋಡಿ, ಸಾಗಣೆ ಗೊತ್ತಿದ್ದವನಿಗೆ ನೂಲು ಕಲಿಸಬಹುದು ಅನ್ನೋ ಲೆಕ್ಕ ಅದು.

ಮೆಕ್ಯಾನಿಕಲ್‌ನವರಿಗೆ ಇಷ್ಟವಾಗೋ ಭಾಗ ಈಗ ಬರುತ್ತೆ. ಆಗ ಲ್ಯಾಂಕಶೈರ್‌ನಲ್ಲಿ ನಡೆಯುತ್ತಿದ್ದದ್ದು ಮ್ಯೂಲ್ ಯಂತ್ರ. ಅದು ಮೊದಲು ಎಳೆಯನ್ನು ಎಳೆದು ಹೊಸೆಯುತ್ತೆ, ಆಮೇಲೆ ನಿಂತು ಸುತ್ತುತ್ತೆ. ಎರಡೂ ಬೇರೆ ಬೇರೆ ಹಂತ. ಹೊಸದಾಗಿ ಬಂದಿದ್ದ ರಿಂಗ್ ಸ್ಪಿಂಡಲ್‌ನಲ್ಲಿ ಉಂಗುರದ ಮೇಲೆ ಓಡೋ ಒಂದು ಪುಟ್ಟ ಲೋಹದ ಕೊಂಡಿ ಇರುತ್ತೆ. ಎಳೆ ಅದರೊಳಗೆ ಹಾದು ಬರೋದರಿಂದ ಹೊಸೆಯೋದು, ಸುತ್ತೋದು ಎರಡೂ ಒಟ್ಟಿಗೇ, ನಿಲ್ಲದೆ ನಡೆಯುತ್ತೆ. ಲ್ಯಾಂಕಶೈರ್‌ನವರು ಮೀನ ಮೇಷ ಎಣಿಸುತ್ತಿದ್ದಾಗ ಎಂಪ್ರೆಸ್ ಮಿಲ್ಸ್ 1883ರಲ್ಲೇ ಇದನ್ನು ಪ್ರಯೋಗಿಸಿ ನೋಡಿ, ಒಪ್ಪಿಕೊಂಡಿತು.

ಕೆಲಸಗಾರರ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಗಿರಣಿ ತೆರೆದ 1877ರಲ್ಲೇ ಕೂಲಿ ದರಕ್ಕಾಗಿ ಅಲ್ಲಿ ಮುಷ್ಕರ ನಡೆಯಿತು. ಭಾರತದ ಕಾರ್ಮಿಕ ಇತಿಹಾಸ ಬರೆಯುವವರು ಮೊದಮೊದಲ ಮುಷ್ಕರಗಳಲ್ಲಿ ಅದನ್ನು ಎಣಿಸುತ್ತಾರೆ. ಗೈರುಹಾಜರಿಯೂ ಜಾಸ್ತಿ ಇತ್ತು. ದಂಡ ಹಾಕಿದರೆ ಜನ ಹೊಲಕ್ಕೆ ವಾಪಸ್ ಹೋಗಿಬಿಡುತ್ತಿದ್ದರು. ಕೊನೆಗೆ ಹಿಡಿದ ದಾರಿ ಬೇರೆ. ಗಾಳಿ, ತೇವಾಂಶ ಸರಿಯಾಗಿರುವ ವ್ಯವಸ್ಥೆ ಬಂತು, 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ. ದೇಶದಲ್ಲಿ ಕೆಲಸಗಾರರ ಪರಿಹಾರಕ್ಕೆ ಕಾನೂನು ಬಂದಿದ್ದು 1923ರಲ್ಲಿ. ಇದರಲ್ಲಿ ಮನಸ್ಸಿನ ಒಳ್ಳೆಯತನವೂ ಇತ್ತು, ಗಿರಣಿ ನಡೆಯಬೇಕೆಂಬ ಲೆಕ್ಕವೂ ಇತ್ತು. ಯಾವುದು ಎಷ್ಟು ಪಾಲು ಅಂತ ಬೇರ್ಪಡಿಸಲು ಹೋಗೋದು ಕಷ್ಟ.

ಹಡಗಿನ ಜಗಳ

1886ರಲ್ಲಿ ಕುರ್ಲಾದ ಒಂದು ಹಾಳುಬಿದ್ದ ಗಿರಣಿ ಕೊಂಡು ಸ್ವದೇಶಿ ಮಿಲ್ಸ್ ಅಂತ ಹೆಸರಿಟ್ಟರು. ಸ್ವದೇಶಿ ಚಳವಳಿಗೆ ಇನ್ನೂ ಹತ್ತೊಂಬತ್ತು ವರ್ಷ ಇತ್ತು. ಬೊಂಬಾಯಿಯ ನೂಲು ಚೀನಾಕ್ಕೆ, ಹತ್ತಿ ಜಪಾನಿಗೆ ಹೋಗುತ್ತಿದ್ದ ಕಾಲ. ಆದರೆ ಸಮುದ್ರದ ದಾರಿ ಪಿ ಅಂಡ್ ಓ ಎಂಬ ಇಂಗ್ಲಿಷ್ ಹಡಗು ಕಂಪನಿ ಮತ್ತು ಅದರ ಜೊತೆಗಾರರ ಕೈಲಿತ್ತು. ಅವರು ಹೇಳಿದ್ದೇ ಬಾಡಿಗೆ. ನಾಗಪುರದಲ್ಲಿ ಒಂದೊಂದು ಕಾಸು ಉಳಿಸಿ ತೆಗೆದ ಲಾಭ ಹಡಗು ಹತ್ತುವಾಗ ಸೋರಿಹೋಗುತ್ತಿತ್ತು.

1893ರಲ್ಲಿ ಜಮ್‌ಶೆಟ್‌ಜಿ ಜಪಾನಿಗೆ ಹೋದರು. ಅಲ್ಲಿನ ನಿಪ್ಪಾನ್ ಯೂಸೆನ್ ಕೈಶಾ ಕಂಪನಿಯ ಜೊತೆ ಮಾತಾಡಿ, ಬೊಂಬಾಯಿಗೂ ಜಪಾನಿಗೂ ಸೇರಿ ಹಡಗು ಓಡಿಸೋ ಒಪ್ಪಂದ ಮಾಡಿಕೊಂಡರು. ತಾವೂ ಆ್ಯನಿ ಬ್ಯಾರೋ ಎಂಬ ಹಡಗನ್ನು ಬಾಡಿಗೆಗೆ ಹಿಡಿದು ಟಾಟಾ ಲೈನ್ ಶುರು ಮಾಡಿದರು. ಟನ್ನಿಗೆ ಸುಮಾರು 19 ರೂಪಾಯಿ ಇದ್ದ ಕಡೆ ಇವರು ಕೇಳಿದ್ದು 12.

ಪಿ ಅಂಡ್ ಓ ಕೊಟ್ಟ ಉತ್ತರ ಇವತ್ತಿನ ಆ್ಯಪ್ ಕಂಪನಿಗಳ ಡಿಸ್ಕೌಂಟ್ ಯುದ್ಧದ ಹಾಗೇ ಇದೆ. ದರವನ್ನು ಎರಡು ರೂಪಾಯಿಗೂ ಕೆಳಗೆ ಇಳಿಸಿತು. ಮೊದಲು ಟಾಟಾ ಜೊತೆ ನಿಲ್ಲುತ್ತೇವೆ ಅಂದಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಜಮ್‌ಶೆಟ್‌ಜಿ ಸರ್ಕಾರಕ್ಕೆ ದೂರು ಬರೆದರು, ಪ್ರಯೋಜನ ಆಗಲಿಲ್ಲ. ಹಡಗು ವಾಪಸ್ ಹೋಯಿತು, ಟಾಟಾ ಲೈನ್ ಮುಚ್ಚಿತು. ದೊಡ್ಡ ನಷ್ಟ. ಆದರೆ ಜಪಾನಿನ ಕಂಪನಿ ಆ ದಾರಿಯಲ್ಲಿ ಓಡುತ್ತಲೇ ಉಳಿಯಿತು. ಅದಕ್ಕೆ ಅದೇ ಮೊದಲ ದೂರಸಮುದ್ರದ ಮಾರ್ಗ. ಆ ಕಂಪನಿಗೆ ಬೆನ್ನ ಹಿಂದೆ ಅದರ ಸರ್ಕಾರ ಇತ್ತು. ಇವರಿಗೆ ಇರಲಿಲ್ಲ. ಲೆಕ್ಕ ಎಷ್ಟು ಸರಿಯಿದ್ದರೂ ಸೋಲಬಹುದು ಅಂತ ಈ ಪ್ರಸಂಗ ಓದಿದಾಗ ಅನ್ನಿಸಿತು.

ನಮ್ಮ ಊರಿಗೆ ಬಂದ ಲೆಕ್ಕ

ಅದೇ 1893ರ ಪ್ರಯಾಣದಲ್ಲಿ ಯೊಕೊಹಾಮಾದಿಂದ ವ್ಯಾಂಕೂವರ್‌ಗೆ ಹೋಗುವ ಹಡಗಿನಲ್ಲಿ ಚಿಕಾಗೋಗೆ ಹೊರಟಿದ್ದ ಸ್ವಾಮಿ ವಿವೇಕಾನಂದರು ಅವರ ಜೊತೆಯಾದರು. ಐದು ವರ್ಷದ ನಂತರ, 1898ರ ನವೆಂಬರಿನಲ್ಲಿ, ಆ ಭೇಟಿ ನೆನಪಿಸಿ ಜಮ್‌ಶೆಟ್‌ಜಿ ಸ್ವಾಮೀಜಿಗೆ ಪತ್ರ ಬರೆದು, ವಿಜ್ಞಾನ ಸಂಶೋಧನೆಯ ಸಂಸ್ಥೆ ಕಟ್ಟುವ ಯೋಜನೆಗೆ ಬೆಂಬಲ ಕೇಳಿದರು. ಅದಕ್ಕಾಗಿ ಎತ್ತಿಟ್ಟಿದ್ದು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಬೊಂಬಾಯಿಯ ಆಸ್ತಿ. ವೈಸರಾಯ್ ಕರ್ಜನ್‌ಗೆ ಅನುಮಾನ. ಇಷ್ಟು ಓದಿದ ಹುಡುಗರು ಎಲ್ಲಿ ಸಿಗುತ್ತಾರೆ, ಓದಿದ ಮೇಲೆ ಕೆಲಸ ಎಲ್ಲಿದೆ ಅಂತ. ಸಮಿತಿ, ವರದಿ, ಮತ್ತೆ ಸಮಿತಿ. ಜಾಗ ಕೊಟ್ಟಿದ್ದು ನಮ್ಮ ಮೈಸೂರು ಸಂಸ್ಥಾನ, 371 ಎಕರೆ. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಹಳೇ ಬೆಂಗಳೂರಿನವರು ಅದನ್ನು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯೋದು.

ಇನ್ನು ರೇಷ್ಮೆ. ಜಪಾನಿನಲ್ಲಿ ಹುಳು ಸಾಕೋ ಕ್ರಮ ನೋಡಿದ್ದರಲ್ಲ, ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ರೇಷ್ಮೆ ಇದ್ದರೂ ಅದು ಸೊರಗಿತ್ತು. ಹವೆ ಹೊಂದುತ್ತೆ, ರೈತರಿಗೆ ಕೈ ಪಳಗಿದೆ, ಬೇಕಿರೋದು ರೋಗವಿಲ್ಲದ ಮೊಟ್ಟೆ ಮತ್ತು ಚೆನ್ನಾಗಿ ನೂಲು ಬಿಚ್ಚೋ ವಿಧಾನ. ಸಂಸ್ಥಾನ ಜಾಗ, ಸಹಾಯಧನ ಕೊಟ್ಟಿತು. ಜಪಾನಿನಿಂದ ತಜ್ಞ ದಂಪತಿಯನ್ನು ಕರೆಸಿ ಬೆಂಗಳೂರಿನಲ್ಲಿ ಫಾರ್ಮ್ ಶುರುವಾಯಿತು. ಉದ್ದೇಶ, ಕಲಿತವರು ಅವರವರ ಊರಿಗೆ ಹೋಗಿ ಬೇರೆಯವರಿಗೆ ಕಲಿಸಲಿ ಅನ್ನೋದು. ಟಾಟಾ ಸಾಮ್ರಾಜ್ಯದ ಲೆಕ್ಕದಲ್ಲಿ ಇದು ಚಿಲ್ಲರೆ. ಅವರು ತೀರಿಕೊಂಡ ಕೆಲ ವರ್ಷಗಳಿಗೆ ಫಾರ್ಮ್ ಬೇರೆಯವರ ಕೈಗೆ ಹೋಯಿತು. ಉಳಿದಿದ್ದು ಬಸ್ ಸ್ಟಾಪಿನ ಹೆಸರು.

ನೋಡದೇ ಹೋದದ್ದು

ಕಬ್ಬಿಣದ ಆಸೆ ಇನ್ನೂ ಹಳೆಯದು. ಚಾಂದಾ ಜಿಲ್ಲೆಯ ಅದಿರಿನ ಬಗ್ಗೆ ಜರ್ಮನ್ ಭೂವಿಜ್ಞಾನಿಯೊಬ್ಬರ ವರದಿಯನ್ನು ಅವರು ಓದಿದ್ದು 1882ರಲ್ಲಿ. ಗಣಿಯ ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ಹದಿನೇಳು ವರ್ಷ ಏನೂ ಆಗಲಿಲ್ಲ. 1899ರಲ್ಲಿ ನಿಯಮ ಸಡಿಲವಾದಾಗ ಅವರಿಗೆ ಅರವತ್ತು, ಆರೋಗ್ಯ ಕೆಟ್ಟಿತ್ತು. ಆದರೂ 1902ರಲ್ಲಿ ಅಮೆರಿಕಕ್ಕೆ ಹೋಗಿ ಉಕ್ಕಿನ ಕಾರ್ಖಾನೆಗಳನ್ನು ನೋಡಿದರು, ಇಂಜಿನಿಯರುಗಳನ್ನು ಗೊತ್ತು ಮಾಡಿದರು. ಅದೇ ವರ್ಷ ಮಗ ದೊರಾಬ್‌ಜಿಗೆ ಬರೆದ ಪತ್ರದಲ್ಲಿ ಇನ್ನೂ ಹುಟ್ಟದ ಊರಿನ ನಕ್ಷೆ ಇದೆ. ಅಗಲ ಬೀದಿ, ನೆರಳಿನ ಮರ, ಆಟದ ಮೈದಾನ, ಎಲ್ಲ ಧರ್ಮದವರಿಗೂ ಪೂಜೆಗೆ ಜಾಗ.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್‌ಶೆಟ್‌ಜಿ ತೀರಿಕೊಂಡರು. ಆಗ ಉಕ್ಕಿನ ಕಾರ್ಖಾನೆ ಇರಲಿಲ್ಲ, ವಿಜ್ಞಾನ ಸಂಸ್ಥೆ ಇರಲಿಲ್ಲ, ಪಶ್ಚಿಮ ಘಟ್ಟದ ನೀರಿನಿಂದ ಬೊಂಬಾಯಿಗೆ ವಿದ್ಯುತ್ ತರೋ ಯೋಜನೆ ಕಾಗದದಲ್ಲಿತ್ತು. ಕಣ್ಣಾರೆ ಕಂಡ ದೊಡ್ಡ ಕಟ್ಟಡ ಎಂದರೆ ಹಿಂದಿನ ಡಿಸೆಂಬರಿನಲ್ಲಿ ಬಾಗಿಲು ತೆರೆದಿದ್ದ ತಾಜ್ ಮಹಲ್ ಹೋಟೆಲ್. ಉಕ್ಕಿನ ಕಂಪನಿ 1907ರಲ್ಲಿ ಹುಟ್ಟಿತು, ಬಂಡವಾಳ ದೇಶದ ಜನರಿಂದಲೇ ಬಂತು. 1912ರಲ್ಲಿ ಸಿಂಗ್‌ಭೂಮ್‌ನ ಸಾಕ್ಚಿಯಲ್ಲಿ ಮೊದಲ ಉಕ್ಕು ಇಳಿಯಿತು. ಆ ನೆಲದಲ್ಲಿ ಮೊದಲಿಂದ ಇದ್ದವರು ಆದಿವಾಸಿಗಳು, ಊರು ಬೆಳೆದಂತೆ ಅವರ ಹಳ್ಳಿಗಳು ಕರಗಿದವು ಅನ್ನೋದೂ ಈ ಲೆಕ್ಕದ ಒಂದು ಕಾಲಂ.

ಇದನ್ನೆಲ್ಲ ಗೆಳೆಯನಿಗೆ ಒಂದು ರಾತ್ರಿ ಮೆಸ್ಸಿನಲ್ಲಿ ಕೂತು ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ಹಡಗಿನ ಜಗಳದಲ್ಲಿ ಅವರು ಸೋತ ಮೇಲೆ ಏನು ಮಾಡಿದರು ಅಂತ. ಅಮೆರಿಕದಲ್ಲಿ ಉಕ್ಕು ನೋಡೋಕೆ ಹೋದರು, ಬೆಂಗಳೂರಿಗೆ ಹುಳು ಸಾಕೋರನ್ನ ಕರೆಸಿದರು ಅಂದೆ. ಮುಂದಿನ ತಿಂಗಳು ಅವನು ಕೆಲಸಕ್ಕೆ ಸೇರುತ್ತಾನೆ. ಮೊದಲ ಮೂರು ತಿಂಗಳು ಬಂದರಿನಲ್ಲಿ ಟ್ರೈನಿಂಗ್ ಅಂತೆ, ಕಂಟೇನರ್ ಬಾಡಿಗೆ ಲೆಕ್ಕ ಹಾಕೋದು. ಈಗ ಹಾಸ್ಟೆಲ್‌ನಲ್ಲಿ ಯಾರಾದರೂ ಕಾಲೆಳೆದರೆ, ಟನ್ನಿಗೆ ಎಷ್ಟು ಅಂತ ವಾಪಸ್ ಕೇಳ್ತಾನೆ.