ಬಿಡ್ಡಿ ಮೇಸನ್: ಸಾಕ್ಷಿ ಹೇಳುವ ಹಕ್ಕಿಲ್ಲದವಳು ಗೆದ್ದ ಖಟ್ಲೆ



ಸ್ಮರಣ ಸಂಚಿಕೆ ಅಂದ ಮೇಲೆ ಬಾಬಾಸಾಹೇಬರ, ಜೋತಿಬಾ ಅವರ, ಸಾವಿತ್ರಿಬಾಯಿ ಅವರ ಚರಿತ್ರೆ ನೀವು ಪ್ರತಿ ವರ್ಷ ಓದುತ್ತೀರಿ. ಈ ಸಲ ನಾನು ನಿಮ್ಮನ್ನು ಸ್ವಲ್ಪ ದೂರ ಕರಕೊಂಡು ಹೋಗ್ತೀನಿ. ಜೋತಿಬಾ ಫುಲೆ 1873ರಲ್ಲಿ ತಮ್ಮ ಗುಲಾಮಗಿರಿ ಪುಸ್ತಕವನ್ನು ಯಾರಿಗೆ ಅರ್ಪಣೆ ಮಾಡಿದರು, ನೆನಪದ ಅಲ್ಲ? ಕಪ್ಪು ಜನರ ಗುಲಾಮಗಿರಿ ತೆಗೆದುಹಾಕಿದ ಅಮೆರಿಕದ ಸಜ್ಜನರಿಗೆ. ಆ ಪುಸ್ತಕ ಬರುವುದಕ್ಕೆ ಹದಿನೇಳು ವರ್ಷ ಮೊದಲೇ ಅದೇ ಅಮೆರಿಕದ ಒಂದು ಮೂಲೆಯ ಕೋರ್ಟಿನಲ್ಲಿ ಒಬ್ಬ ಗುಲಾಮ ಹೆಂಗಸು ತನ್ನ ಮಕ್ಕಳ ಸಮೇತ ಬಿಡುಗಡೆಯಾಗಿ ಹೊರಗೆ ಬಂದಳು. ಹೆಸರು ಬಿಡ್ಡಿ ಮೇಸನ್. ಆಕೆಗೆ ಓದು ಬರಹ ಇರಲಿಲ್ಲ. ಕೋರ್ಟಿನಲ್ಲಿ ಬಿಳಿಯರ ವಿರುದ್ಧ ಬಾಯಿ ತೆಗೆಯುವ ಹಕ್ಕೂ ಇರಲಿಲ್ಲ. ಹಂಗಿದ್ದರೂ ಖಟ್ಲೆ ಗೆದ್ದಳು. ಹೇಗೆ ಅಂತ ಹೇಳಬೇಕಂತಲೇ ಇದನ್ನು ಬರೀತಾ ಇದ್ದೀನಿ.

ಬಿಡ್ಡಿ ಹುಟ್ಟಿದ್ದು 1818ರಲ್ಲಿ, ಅಮೆರಿಕದ ದಕ್ಷಿಣ ಭಾಗದಲ್ಲಿ. ಇಟ್ಟ ಹೆಸರು ಬ್ರಿಜೆಟ್. ಅಡ್ಡಹೆಸರು ಇಲ್ಲ, ಗುಲಾಮರಿಗೆ ಅಡ್ಡಹೆಸರು ಯಾಕೆ ಬೇಕು? ಮಿಸಿಸಿಪ್ಪಿ ರಾಜ್ಯದ ರಾಬರ್ಟ್ ಸ್ಮಿತ್ ಎಂಬವನ ಮನೆಯಲ್ಲಿ ದುಡಿಯುತ್ತಿದ್ದಳು. ಅಕ್ಷರ ಯಾರೂ ಕಲಿಸಲಿಲ್ಲ, ಆದರೆ ಗಿಡಮೂಲಿಕೆ ಔಷಧ, ಹೆರಿಗೆ ಮಾಡಿಸುವುದು, ಬಾಣಂತನ, ಇವನ್ನೆಲ್ಲ ಹಿರಿಯ ಹೆಂಗಸರಿಂದ ಕಲಿತುಕೊಂಡಳು. ನಮ್ಮ ಕಡೆ ಸೂಲಗಿತ್ತಿ ಅಂತೀವಲ್ಲ, ಅದೇ ವಿದ್ಯೆ. ನಮ್ಮ ಆಯಿ ಸಹ ಈ ಕೆಲಸ ಮಾಡಿದಾಕೆ. ಮೇಲಿನ ಓಣಿಯ ಕೂಸುಗಳನ್ನು ಮೊದಲು ಮುಟ್ಟುತ್ತಿದ್ದ ಕೈ ಅವಳದು, ಆಮೇಲೆ ಅದೇ ಮನೆಯಲ್ಲಿ ನೀರಿನ ಕೊಡ ಮುಟ್ಟುವ ಹಂಗಿರಲಿಲ್ಲ. ಇರಲಿ, ಬಿಡ್ಡಿಯ ಮಾತಿಗೆ ಬರ್ತೀನಿ.

ಸ್ಮಿತ್ ಮಾರ್ಮನ್ ಎಂಬ ಪಂಥಕ್ಕೆ ಸೇರಿದ. ಆ ಪಂಥದವರು ಪಶ್ಚಿಮಕ್ಕೆ ಗುಳೆ ಹೋಗುತ್ತಿದ್ದರು. 1848ರಲ್ಲಿ ಅವನೂ ಬಂಡಿ ಕಟ್ಟಿಕೊಂಡು ಯೂಟಾ ಕಡೆ ಹೊರಟ. ದಾರಿ ಸುಮಾರು 1,700 ಮೈಲು, ಅಂದ್ರೆ 2,700 ಕಿಲೋಮೀಟರು. ಸೊಲ್ಲಾಪುರದಿಂದ ದಿಲ್ಲಿಗೆ ಹೋಗಿ, ಹೊಳ್ಳಿ ಮುಕ್ಕಾಲು ದಾರಿ ಬಂದಷ್ಟು. ಬಂಡಿಯಲ್ಲಿ ಒಡೆಯನ ಸಂಸಾರ. ಬಿಡ್ಡಿ ಬಂಡಿಗಳ ಹಿಂದೆ ದನ ಹೊಡೆಯುತ್ತಾ ನಡೆದಳು. ಜೊತೆಗೆ ಮೂವರು ಹೆಣ್ಣುಮಕ್ಕಳು: ಎಲೆನ್, ಆನ್ ಮತ್ತು ಇನ್ನೂ ಎದೆಹಾಲು ಕುಡಿಯುವ ಹ್ಯಾರಿಯೆಟ್. ಬೀಡುಬಿಟ್ಟಲ್ಲಿ ಅಡುಗೆ, ದಾರಿಯಲ್ಲಿ ಯಾರಿಗಾದರೂ ನೋವು ಬಂದರೆ ಹೆರಿಗೆ, ಎಲ್ಲಾ ಆಕೆಯದೇ ಕೆಲಸ.

ಮೂರು ವರ್ಷದ ನಂತರ, 1851ರಲ್ಲಿ, ಸ್ಮಿತ್ ಮತ್ತೆ ಬಂಡಿ ಕಟ್ಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾಡಿನೋಗೆ ಬಂದ. ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಓದ್ರಿ. ಕ್ಯಾಲಿಫೋರ್ನಿಯಾ 1850ರಲ್ಲಿ ಅಮೆರಿಕದ ರಾಜ್ಯವಾಯಿತು. ಅದರ ಸಂವಿಧಾನದಲ್ಲಿ ಗುಲಾಮಗಿರಿ ನಿಷೇಧ ಅಂತ ಬರೆದಿತ್ತು. ಅಂದರೆ ಒಡೆಯ ತಾನೇ ಕರಕೊಂಡು ಬಂದು ಅಲ್ಲಿ ನೆಲೆಸಿದ ಮೇಲೆ ಕಾಯ್ದೆಯ ಪ್ರಕಾರ ಬಿಡ್ಡಿ ಗುಲಾಮಳಲ್ಲ. ಆದರೂ ಸುಮಾರು ಐದು ವರ್ಷ ಆಕೆ ಮೊದಲಿನಂತೆಯೇ ಸಂಬಳವಿಲ್ಲದೆ ದುಡಿದಳು. ಕಾಯ್ದೆ ಪುಸ್ತಕದಲ್ಲಿತ್ತು, ಸ್ಮಿತ್‌ನ ಅಂಗಳದೊಳಗೆ ಬಂದಿರಲಿಲ್ಲ. ನಮ್ಮಲ್ಲಿ 1955ರ ಅಸ್ಪೃಶ್ಯತಾ ಕಾಯ್ದೆ ಆದ ಮೇಲೆ ಎಷ್ಟು ಹೋಟೆಲುಗಳಲ್ಲಿ ಬೇರೆ ಕಪ್ಪು ಇಡುತ್ತಿದ್ದರು ಅಂತ ಹಿರಿಯರನ್ನು ಕೇಳಿ ನೋಡ್ರಿ, ಗೊತ್ತಾಗ್ತದ.

ಇನ್ನು ಆ ಲಾಸ್ ಏಂಜಲಿಸ್ ಕೌಂಟಿ ಹೇಗಿತ್ತು ಅಂತ ತಿಳಕೊಳ್ಳಬೇಕು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗ. ಅದಕ್ಕೊಬ್ಬ ಶೆರೀಫ್, ಒಂದು ಜೈಲು, ಒಂದು ಕೋರ್ಟು. ಈಗ ಸಿನಿಮಾದವರ ದೊಡ್ಡ ಶಹರ ಆಗಿರುವ ಲಾಸ್ ಏಂಜಲಿಸ್‌ನಲ್ಲಿ 1850ರ ಜನಗಣತಿ ಪ್ರಕಾರ ಇದ್ದದ್ದು 1,610 ಜನ. ನಮ್ಮ ಕಡೆಯ ಒಂದು ಸಣ್ಣ ಹಳ್ಳಿ. ಕೋರ್ಟು ಇದ್ದರೂ ನ್ಯಾಯ ಬೀದಿಯಲ್ಲೂ ನಡೆಯುತ್ತಿತ್ತು. 1855ರ ಜನವರಿಯಲ್ಲಿ ಏನಾಯಿತು ಕೇಳ್ರಿ. ಇಬ್ಬರಿಗೆ ಗಲ್ಲಾಗಿತ್ತು, ಒಬ್ಬ ಬಿಳಿಯ ಬ್ರೌನ್, ಇನ್ನೊಬ್ಬ ಬಡ ಸ್ಪ್ಯಾನಿಷ್ ಮಾತಿನ ಅಲ್ವಿಟ್ರೆ. ಮೇಲಿನ ಕೋರ್ಟಿನಿಂದ ಬ್ರೌನ್‌ಗೆ ಮಾತ್ರ ತಡೆ ಬಂತು. ಅಲ್ವಿಟ್ರೆಯನ್ನು ನೇಣಿಗೆ ಹಾಕಿದರು. ಜನ ಸಿಟ್ಟಿಗೆದ್ದರು. ಊರಿನ ಮೇಯರ್ ತನ್ನ ಹುದ್ದೆಗೆ ರಾಜೀನಾಮೆ ಕೊಟ್ಟು, ಗುಂಪಿನ ಮುಂದೆ ನಿಂತು, ಜೈಲು ಒಡೆಸಿ ಬ್ರೌನ್‌ನನ್ನು ಹೊರಗೆಳೆದು ಅದೇ ದಿನ ನೇಣಿಗೇರಿಸಿದ. ಆಮೇಲೆ ಅದೇ ಮನುಷ್ಯನನ್ನು ಜನ ಮತ್ತೆ ಮೇಯರ್ ಮಾಡಿದರು!

ಆ ನೆಲದ ಮೂಲನಿವಾಸಿಗಳ ಗತಿ ಇದಕ್ಕಿಂತ ಕಡೆ. ಅಲೆಮಾರಿ, ಕುಡುಕ ಅಂತ ಭಾನುವಾರ ಅವರನ್ನು ಹಿಡಿದು ಕೂಡಿಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ವಾರದ ಕೆಲಸಕ್ಕೆ ಹರಾಜು. ದ್ರಾಕ್ಷಿ ತೋಟದವರು ಕೂಗಿ ಒಯ್ಯುತ್ತಿದ್ದರು. ವಾರದ ಕೊನೆಗೆ ಕೂಲಿಯಲ್ಲಿ ಒಂದು ಪಾಲು ಸಾರಾಯಿ, ಕುಡಿದು ಬಿದ್ದರೆ ಮತ್ತೆ ಭಾನುವಾರ ಹಿಡಿಯೋದು. ಇದಕ್ಕೆ 1850ರ ಒಂದು ಕಾಯ್ದೆಯ ಆಧಾರವೂ ಇತ್ತು, ಅದರ ಹೆಸರಿನಲ್ಲಿ ಮೂಲನಿವಾಸಿಗಳ ರಕ್ಷಣೆ ಅಂತ ಬೇರೆ ಬರೆದಿದ್ದರು. ಗುಲಾಮಗಿರಿ ಇಲ್ಲದ ರಾಜ್ಯ ಇದು, ನೋಡ್ರಿ.

ಇಂಥ ಕೌಂಟಿಯಲ್ಲಿ ಬಿಡ್ಡಿಯ ಖಟ್ಲೆ ನಡೆಯಿತು. 1855ರ ಕೊನೆಗೆ ಸ್ಮಿತ್ ಎಲ್ಲರನ್ನೂ ಟೆಕ್ಸಾಸಿಗೆ ಒಯ್ಯಲು ಹೊರಟ. ಟೆಕ್ಸಾಸ್ ಗುಲಾಮರನ್ನು ಮಾರುವ ಕೊಳ್ಳುವ ರಾಜ್ಯ. ಅಲ್ಲಿಗೆ ಹೋದರೂ ನೀನು ಇಲ್ಲಿನಷ್ಟೇ ಸ್ವತಂತ್ರಳು ಅಂತ ಬಿಡ್ಡಿಗೆ ನಂಬಿಸಿದ್ದ. ಜೊತೆಗೆ ಹಾನಾ ಎಂಬ ಇನ್ನೊಬ್ಬ ಗುಲಾಮ ಹೆಂಗಸು ಮತ್ತು ಅವಳ ಮಕ್ಕಳು, ಎಲ್ಲ ಸೇರಿ ಹದಿನಾಲ್ಕು ಜೀವ. ಹಾನಾ ದಿನ ತುಂಬಿದ ಬಸುರಿ. ಲಾಸ್ ಏಂಜಲಿಸ್ ಹತ್ತಿರ ಗುಡ್ಡದ ಕಣಿವೆಯಲ್ಲಿ ಅವನು ಬೀಡುಬಿಟ್ಟ.

ಆದರೆ ಬಿಡ್ಡಿ ಈಗ ಒಂಟಿಯಲ್ಲ. ಲಾಸ್ ಏಂಜಲಿಸ್‌ನಲ್ಲಿ ರಾಬರ್ಟ್ ಓವೆನ್ಸ್ ಎಂಬ ಸ್ವತಂತ್ರ ಕಪ್ಪು ಮನುಷ್ಯನಿದ್ದ. ಕುದುರೆ ವ್ಯಾಪಾರದಲ್ಲಿ ನಾಲ್ಕು ಕಾಸು ಮಾಡಿಕೊಂಡವನು. ಅವನೂ ಟೆಕ್ಸಾಸಿನಿಂದಲೇ ಬಂದವನು, ಹಂಗಾಗಿ ಅಲ್ಲಿಗೆ ಹೋದವರ ಗತಿ ಏನು ಅಂತ ಯಾರೂ ಅವನಿಗೆ ಹೇಳಬೇಕಿರಲಿಲ್ಲ. ಅವನ ಮಗ ಚಾರ್ಲ್ಸ್ ಮತ್ತು ಬಿಡ್ಡಿಯ ಹಿರಿಮಗಳು ಎಲೆನ್ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಸುದ್ದಿ ಶೆರೀಫ್‌ನವರೆಗೆ ಮುಟ್ಟಿತು. ಓವೆನ್ಸ್ ತನ್ನ ದನಗಾರ ಸವಾರರನ್ನು ಕರಕೊಂಡು ಕಣಿವೆಗೆ ನುಗ್ಗಿದ. ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಬಿತ್ತು. ಯಾರನ್ನಾದರೂ ಅನ್ಯಾಯದಿಂದ ಹಿಡಿದಿಟ್ಟಿದ್ದರೆ ಅವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸು ಅನ್ನುವ ಅರ್ಜಿ ಅದು. ನಮ್ಮ ದೇಶದಲ್ಲೂ ಅದೇ ಹೆಸರಿನಲ್ಲಿ ಅದ. ಸ್ಮಿತ್ ಕದ್ದು ಒಯ್ಯಬಾರದು ಅಂತ ಹೆಂಗಸರನ್ನೂ ಮಕ್ಕಳನ್ನೂ ಕೌಂಟಿಯ ಜೈಲಿನಲ್ಲಿ ಇಟ್ಟರು. ತಪ್ಪು ಮಾಡಿದವನು ಹೊರಗೆ, ಇವರು ರಕ್ಷಣೆಗಾಗಿ ಒಳಗೆ.

1856ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶ ಬೆಂಜಮಿನ್ ಹೇಯ್ಸ್ ಮುಂದೆ ವಿಚಾರಣೆ. ಹೇಯ್ಸ್ ಹುಟ್ಟಿದ್ದು ಮೇರಿಲ್ಯಾಂಡ್‌ನಲ್ಲಿ, ಗುಲಾಮಗಿರಿ ಇದ್ದ ರಾಜ್ಯದಲ್ಲಿ. ಸ್ಮಿತ್‌ನ ವಾದ ಏನಂದ್ರೆ, ಇವರು ಗುಲಾಮರಲ್ಲ, ನಮ್ಮ ಮನೆಯವರಿದ್ದಂಗ, ತಮ್ಮ ಖುಷಿಯಿಂದಲೇ ಟೆಕ್ಸಾಸಿಗೆ ಬರ್ತಾರೆ. ಮನೆಯವರಿದ್ದಂಗ ಅನ್ನೋ ಈ ಮಾತು ನಾವು ಎಷ್ಟು ಸಲ ಕೇಳಿಲ್ಲ! ಈ ಸುಳ್ಳನ್ನು ಮುರಿಯಬೇಕಾದರೆ ಬಿಡ್ಡಿಯೇ ಮಾತಾಡಬೇಕು. ಆದರೆ ಕಪ್ಪು ಮನುಷ್ಯ ಬಿಳಿಯನ ವಿರುದ್ಧ ಸಾಕ್ಷಿ ಹೇಳುವಂತಿಲ್ಲ ಅಂತ ಕ್ಯಾಲಿಫೋರ್ನಿಯಾದ ಕಾಯ್ದೆ. ಸ್ವತಂತ್ರಳು ಅಂತ ಒಂದು ಕಾಯ್ದೆ ಹೇಳ್ತದ, ಅದನ್ನು ಬಾಯಿಬಿಟ್ಟು ಕೇಳಬೇಡ ಅಂತ ಇನ್ನೊಂದು ಕಾಯ್ದೆ ಹೇಳ್ತದ. ಅದರ ಮೇಲೆ ಇವರ ವಕೀಲ ನಡುವೆಯೇ ಕೈಬಿಟ್ಟ. ಅವನಿಗೆ ನೂರು ಡಾಲರ್ ಕೊಟ್ಟಿದ್ದರು, ಬೆದರಿಕೆಯನ್ನೂ ಹಾಕಿದ್ದರು.

ಆಗ ಹೇಯ್ಸ್ ಒಂದು ದಾರಿ ಹುಡುಕಿದ. ಬಿಡ್ಡಿಯನ್ನು ತನ್ನ ಖಾಸಗಿ ಕೋಣೆಗೆ ಕರೆಸಿದ. ಸಂಬಂಧವಿಲ್ಲದ ಇಬ್ಬರು ಗೃಹಸ್ಥರನ್ನು ಪಂಚರಂತೆ ಕೂಡಿಸಿಕೊಂಡು ಆಕೆಯ ಮಾತು ಕೇಳಿದ. ಹೇಳಿದ ಕೆಲಸವನ್ನೆಲ್ಲ ಸದಾ ಮಾಡಿಕೊಂಡು ಬಂದಿದ್ದೇನೆ, ಆದರೆ ಈ ಟೆಕ್ಸಾಸ್ ಪ್ರಯಾಣದ ಬಗ್ಗೆ ಮೊದಲಿನಿಂದಲೂ ಭಯ ಇತ್ತು ಅಂತ ಬಿಡ್ಡಿ ಅಲ್ಲಿ ಹೇಳಿದಳು. ಇಷ್ಟೇ ಮಾತು. ನನಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡದು ಅನ್ನಿಸಿದ್ದು ಇದೇ. ಮೂವತ್ತೇಳು ವರ್ಷ ಒಡೆಯನ ಮಾತು ಮೀರದ ಹೆಂಗಸು. ಹೊರಗೆ ಒಡೆಯ ಕೂತಿದ್ದಾನೆ. ತೀರ್ಪು ತಿರುವುಮುರುವು ಆದರೆ ಅವನ ಕೈಗೇ ಮತ್ತೆ ಸಿಗಬೇಕು, ಮಕ್ಕಳು ಮಾರಾಟ ಆಗಬಹುದು. ಹಸಿಬಾಣಂತಿ ಹಾನಾ ಪಾಪ ಅಂಜಿ ತಡವರಿಸಿದಳು, ಅವಳದು ತಪ್ಪು ಅಂತ ನಾನು ಹೇಳಲಾರೆ. ಬಿಡ್ಡಿ ಹೇಳಿಬಿಟ್ಟಳು.

ಜನವರಿ 19, ಶನಿವಾರ, ಹೇಯ್ಸ್ ತೀರ್ಪು ಕೊಟ್ಟ. ಹದಿನಾಲ್ಕು ಜನರೂ ಸ್ವತಂತ್ರರು, ಸದಾಕಾಲ ಸ್ವತಂತ್ರರು. ಸೋಮವಾರದ ತಾರೀಖಿಗೆ ಸ್ಮಿತ್ ಬರಲೇ ಇಲ್ಲ. ಕೋರ್ಟಿನ ಖರ್ಚು ಅವನ ತಲೆಗೆ ಬಿತ್ತು, ಅವನು ಟೆಕ್ಸಾಸಿನ ದಾರಿ ಹಿಡಿದ.

ಮರುವರ್ಷ, 1857ರ ಮಾರ್ಚಿನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಖಟ್ಲೆಯಲ್ಲಿ ಕಪ್ಪು ಜನ ಈ ದೇಶದ ನಾಗರಿಕರೇ ಅಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮ ಬಿ.ಎ. ಇತಿಹಾಸದ ತಾಸಿನಲ್ಲಿ ಡ್ರೆಡ್ ಸ್ಕಾಟ್ ಹೆಸರು ಬರ್ತದ, ಬಿಡ್ಡಿಯ ಹೆಸರು ಬರೋದಿಲ್ಲ.

ಬಿಡುಗಡೆಯಾದ ಮೇಲೆ ಬಿಡ್ಡಿ ಮೇಸನ್ ಅಂತ ಅಡ್ಡಹೆಸರು ಇಟ್ಟುಕೊಂಡಳು. ಓವೆನ್ಸ್ ಮನೆಯವರು ಆಸರೆ ಕೊಟ್ಟರು. ಅದೇ ವರ್ಷ ಎಲೆನ್ ಮತ್ತು ಚಾರ್ಲ್ಸ್ ಮದುವೆ ಆಯಿತು. ಡಾಕ್ಟರ್ ಜಾನ್ ಗ್ರಿಫಿನ್ ಕೈಕೆಳಗೆ ದಿನಕ್ಕೆ ಎರಡೂವರೆ ಡಾಲರಿನಂತೆ ದಾದಿಯಾಗಿ, ಸೂಲಗಿತ್ತಿಯಾಗಿ ದುಡಿದಳು. ನೂರಾರು ಹೆರಿಗೆ ಮಾಡಿಸಿದಳು, ಸಾವುಕಾರರ ಮನೆಯಲ್ಲೂ ಬಡವರ ಗುಡಿಸಲಲ್ಲೂ. ಸ್ಪ್ಯಾನಿಷ್ ಮಾತು ಚೆನ್ನಾಗಿ ಕಲಿತಳು. ಸಿಡುಬು ಬಂದಾಗ ರೋಗಿಗಳ ಹತ್ತಿರ ಕೂತು ಆರೈಕೆ ಮಾಡಿದಳು. ಒಂದು ಕಾಲಕ್ಕೆ ತನ್ನನ್ನು ಇಟ್ಟಿದ್ದ ಕೌಂಟಿಯ ಜೈಲಿಗೂ ಹೋಗಿ ಕೈದಿಗಳನ್ನು ನೋಡಿಕೊಂಡು ಬರುತ್ತಿದ್ದಳು.

ಹತ್ತು ವರ್ಷ ಕೂಡಿಟ್ಟ ದುಡ್ಡಿನಿಂದ 1866ರಲ್ಲಿ ಸ್ಪ್ರಿಂಗ್ ಸ್ಟ್ರೀಟಿನಲ್ಲಿ 250 ಡಾಲರಿಗೆ ಜಾಗ ಕೊಂಡಳು. ಆ ಊರಿನಲ್ಲಿ ತನ್ನ ಹೆಸರಲ್ಲಿ ಜಾಗ ಕೊಂಡ ಮೊದಲ ಕಪ್ಪು ಹೆಂಗಸರಲ್ಲಿ ಆಕೆ ಒಬ್ಬಳು. ಸಾತಬಾರಾ ಉತಾರದಲ್ಲಿ ಹೆಸರು ಹತ್ತಿಸೋದು ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಮೇಲೆ ಸಹಿ ಹಾಕಲು ಬಾರದು, ಒಂದು ಗುಣಾಕಾರದ ಗುರುತು ಹಾಕಿದಳು. ಈ ಜಾಗ ಯಾವ ಕಾಲಕ್ಕೂ ಕೈಬಿಡಬೇಡಿ ಅಂತ ಮಕ್ಕಳಿಗೆ ಹೇಳಿದ್ದಳು. ಊರು ಬೆಳೆದು ಅದೇ ಬೀದಿ ಪೇಟೆಯಾಯಿತು. 1884ರಲ್ಲಿ ಜಾಗದ ಒಂದು ತುಂಡು 1,500 ಡಾಲರಿಗೆ ಮಾರಿ, ಉಳಿದದ್ದರಲ್ಲಿ ಕಟ್ಟಡ ಕಟ್ಟಿ, ಕೆಳಗೆ ಅಂಗಡಿ ಬಾಡಿಗೆಗೆ ಕೊಟ್ಟು ಮೇಲೆ ತಾನಿದ್ದಳು.

1872ರಲ್ಲಿ ಊರಿನ ಕಪ್ಪು ಜನರ ಮೊದಲ ಚರ್ಚು ಆಕೆಯ ಮನೆಯಲ್ಲೇ ಶುರುವಾಯಿತು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು ಅದು, ಇಂದಿಗೂ ನಡೀತಾ ಅದ. ಮುಂದೆ ನೆರೆ ಬಂದು ಜನ ಮನೆಮಠ ಕಳಕೊಂಡಾಗ ಕಿರಾಣಿ ಅಂಗಡಿಯಲ್ಲಿ ತನ್ನ ಹೆಸರಿಗೆ ಖಾತೆ ತೆಗೆದು, ಬಂದವರಿಗೆಲ್ಲ ಧಾನ್ಯ ಕೊಡಿಸಿದಳು, ಬಿಳಿಯರು ಕಪ್ಪಿನವರು ಅಂತ ನೋಡಲಿಲ್ಲ. ಊರು ಆಕೆಯನ್ನು ಅಜ್ಜಿ ಮೇಸನ್ ಅಂತ ಕರೆಯಿತು.

ಇಷ್ಟು ಓದಿ ಲಾಸ್ ಏಂಜಲಿಸ್ ಕೋರ್ಟು ಭಾರಿ ನ್ಯಾಯವಂತ ಅಂತ ತಿಳಕೋಬೇಡ್ರಿ. ಕಪ್ಪು ಜನರಿಗೆ ಸಾಕ್ಷಿ ಹೇಳುವ ಹಕ್ಕು 1863ರಲ್ಲಿ ಸಿಕ್ಕಿತು, ಚೀನೀಯರಿಗೆ ಆಗ ಸಿಗಲಿಲ್ಲ. 1871ರ ಅಕ್ಟೋಬರ್ 24ರಂದು, ಬಿಡ್ಡಿ ಇದ್ದ ಅದೇ ಊರಿನಲ್ಲಿ, ಒಂದು ಗುಂಪು ಚೀನೀಯರ ಓಣಿಗೆ ನುಗ್ಗಿ ಹದಿನೆಂಟು ಜನರನ್ನು ಕೊಂದಿತು. ಕಣ್ಣಾರೆ ಕಂಡ ಚೀನೀಯರು ಬಿಳಿಯರ ವಿರುದ್ಧ ಸಾಕ್ಷಿ ಹೇಳುವಂತಿರಲಿಲ್ಲ. ಎಂಟು ಜನರಿಗೆ ಶಿಕ್ಷೆಯೇನೋ ಆಯಿತು. ಆದರೆ ಸತ್ತವನ ಕೊಲೆ ಆಯಿತು ಅಂತ ಆರೋಪಪತ್ರದಲ್ಲಿ ಸರಿಯಾಗಿ ಬರೆದಿಲ್ಲ ಅನ್ನುವ ಕಾರಣಕ್ಕೆ ಮೇಲಿನ ಕೋರ್ಟು ಅವರೆಲ್ಲರ ಶಿಕ್ಷೆಯನ್ನು ರದ್ದು ಮಾಡಿತು. ಕರೆದು ಕೇಳುವ ಜಡ್ಜ್ ಬಿಡ್ಡಿಗೆ ಸಿಕ್ಕಿದ್ದ. ಈ ಹದಿನೆಂಟು ಜನರ ಕಡೆಯವರಿಗೆ ಯಾರೂ ಸಿಗಲಿಲ್ಲ.

ಬಿಡ್ಡಿ ಮೇಸನ್ ತೀರಿಕೊಂಡದ್ದು 1891ರ ಜನವರಿ 15ರಂದು. ಎವರ್‌ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಷ್ಟು ಆಸ್ತಿ ಮಾಡಿದವಳ ಗೋರಿಯ ಮೇಲೆ 97 ವರ್ಷ ಒಂದು ಕಲ್ಲು ಇರಲಿಲ್ಲ. 1988ರ ಮಾರ್ಚಿನಲ್ಲಿ ಆಕೆ ಶುರುಮಾಡಿದ ಚರ್ಚಿನ ಜನ ಸೇರಿ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ಆಗ ಬಂದು ನಿಂತಿದ್ದ ಮೇಯರ್ ಟಾಮ್ ಬ್ರಾಡ್ಲಿ ಆ ಶಹರದ ಮೊದಲ ಕಪ್ಪು ಮೇಯರ್. ಅವರು ಗುಲಾಮರ ಮೊಮ್ಮಗ. ಹುಟ್ಟಿದ್ದು ಟೆಕ್ಸಾಸಿನಲ್ಲಿ, ಪಾಲಿಗೆ ಹೊಲ ಮಾಡುವವರ ಮನೆಯಲ್ಲಿ. ಸಣ್ಣ ಹುಡುಗನಿದ್ದಾಗ ತಾಯಿ ತಂದೆ ಅಲ್ಲಿಂದ ಲಾಸ್ ಏಂಜಲಿಸ್‌ಗೆ ಕರಕೊಂಡು ಬಂದಿದ್ದರು.